ಹಳೆಯ ಟ್ರ್ಯಾಕ್ಟರು ಎಣ್ಣೆ ಕುಡಿಯುತ್ತಿದ್ದರೆ

ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ನಮ್ಮ ಕನ್ನಡ ಹಳ್ಳಿಗಳಲ್ಲಿ ಕೈಯಿಂದ ಕೈಗೆ ದಾಟಿ ಬಂದು, ಹದಿನೈದು ಇಪ್ಪತ್ತು ವರುಷ ದುಡಿದ ಟ್ರ್ಯಾಕ್ಟರುಗಳು ಇಂದಿಗೂ ಹಲವು ಮನೆಗಳ ಆಧಾರವಾಗಿವೆ. ಇಂಥ ಯಂತ್ರದ ಕೊಳವೆಯಿಂದ ನೀಲಿ ಹೊಗೆ ಏಳತೊಡಗಿತೆಂದರೆ, ಮೇಲಿಂದ ಮೇಲೆ ಎಣ್ಣೆ ಸುರಿಯಬೇಕಾಯಿತೆಂದರೆ, ಯಜಮಾನನಿಗೆ ಎರಡೇ ದಾರಿ ಕಾಣುವವು: ಒಂದು, ದಪ್ಪ ಎಣ್ಣೆ ಹಾಕಿ ಕಣ್ಣು ಮುಚ್ಚಿಕೊಳ್ಳುವದು, ಇನ್ನೊಂದು, ಸಾಲ ತೆಗೆದು ಎಂಜಿನ್ನು ಬಿಚ್ಚಿಸುವದು. ಎರಡೂ ಅವಸರದ ದಾರಿಗಳೆಂದು ನಮ್ಮ ಅಭಿಪ್ರಾಯ. ಎಣ್ಣೆ ಎಲ್ಲಿಂದ ಸುಡುತ್ತಿದೆಯೆಂಬದು ಗೊತ್ತಾಗುವವರೆಗೆ ಒಂದು ಬೋಲ್ಟನ್ನೂ ಸಡಿಲಿಸಗೊಡಬಾರದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸ ಯಂತ್ರದ ವಿಷಯದಲ್ಲಿ ಬಹಳ ತುಟ್ಟಿಯದು.

ಮೊದಲು ಹೊಗೆಯ ಬಣ್ಣ ನೋಡಬೇಕು. ಕರಿ ಹೊಗೆ ಎಣ್ಣೆಯದಲ್ಲ. ಡೀಝೆಲ್ಲಿಗೆ ತಕ್ಕಷ್ಟು ಗಾಳಿ ಸಿಕ್ಕಿಲ್ಲ, ಇಲ್ಲವೆ ಗಾಳಿಗೆ ಮೀರಿ ಡೀಝೆಲ್ ಬೀಳುತ್ತಿದೆ ಎಂದರ್ಥ. ಏರ್ ಕ್ಲೀನರು ಕಟ್ಟಿರಬಹುದು, ನಾಜಲ್ಲು ಸೋರುತ್ತಿರಬಹುದು, ಯಂತ್ರದ ಶಕ್ತಿಗೆ ಮೀರಿ ಹೇರು ಹೇರಿರಬಹುದು. ಬಿಳಿ ಹೊಗೆ ಮುಂಜಾನೆಯ ತಂಪಿನಲ್ಲಿ ತುಸು ಹೊತ್ತು ಬಂದು ನಿಂತರೆ ಚಿಂತೆಯಿಲ್ಲ. ಯಂತ್ರ ಕಾದ ಮೇಲೂ ನಿಲ್ಲದೆ, ರೇಡಿಯೇಟರಿನ ನೀರು ಇಳಿಯುತ್ತಿದ್ದರೆ ಹೆಡ್ಡಿನ ಗ್ಯಾಸ್ಕೆಟ್ಟಿನ ಮೇಲೆ ಸಂಶಯ ಪಡಬೇಕು. ನೀಲಿ ಹೊಗೆಯೇ ಎಂಜಿನ್ನಿನ ಎಣ್ಣೆ ಸುಡುತ್ತಿರುವದರ ಗುರುತು.

ನೀಲಿ ಹೊಗೆ ಕಂಡೊಡನೆ ರಿಂಗು ಸವೆದಿದೆಯೆಂದು ತೀರ್ಪು ಕೊಡುವ ಮಿಸ್ತ್ರಿಗಳುಂಟು. ಆದರೆ ಎಣ್ಣೆಯು ಉರಿಯುವ ಕೋಣೆಗೆ ಹೋಗಲು ಹಲವು ಬಾಗಿಲುಗಳಿವೆ. ಕೆಲವನ್ನು ಕಾಸಿನ ಖರ್ಚಿಲ್ಲದೆ ಮುಚ್ಚಬಹುದು. ಟ್ರ್ಯಾಕ್ಟರನ್ನು ಸಮನೆಲದಲ್ಲಿ ನಿಲ್ಲಿಸಿ, ಕಾಲು ತಾಸು ಬಿಟ್ಟು ಅಳತೆಯ ಕಡ್ಡಿ ನೋಡಿರಿ. ಎಣ್ಣೆ ಮೇಲಿನ ಗೆರೆ ದಾಟಿದ್ದರೆ ಕ್ರ್ಯಾಂಕು ಅದನ್ನು ಚಿಮ್ಮಿಸಿ ಮೇಲೇರಿಸುವದು. ತಾನಾಗಿಯೇ ಎಣ್ಣೆ ಏರಿ ತೆಳ್ಳಗಾಗಿದ್ದರೆ ಡೀಝೆಲ್ ಸೋರಿ ಕೂಡಿದೆಯೆಂದು ತಿಳಿಯಬೇಕು. ಅಂಥ ಎಣ್ಣೆಯಲ್ಲಿ ಯಂತ್ರ ಓಡಿಸಲೇಬಾರದು. ಎಂಜಿನ್ನು ಉಸಿರಾಡುವ ಬ್ರೀದರ್ ಕೊಳವೆ ಮಣ್ಣು ಜಿಡ್ಡುಗಳಿಂದ ಕಟ್ಟಿದ್ದರೆ ಒಳಗಿನ ಒತ್ತಡ ಎಣ್ಣೆಯನ್ನು ಮೇಲಕ್ಕೆ ನೂಕುವದು. ಡೀಝೆಲ್ಲಿನಿಂದ ತೊಳೆದರೆ ಸಾಕು. ಎಣ್ಣೆಯ ಬಟ್ಟಲಿನ ಏರ್ ಕ್ಲೀನರಿದ್ದರೆ, ಆ ಬಟ್ಟಲಿನಲ್ಲಿ ಗುರುತಿಗಿಂತ ಹೆಚ್ಚು ಎಣ್ಣೆ ಹಾಕಿದಾಗ ಗಾಳಿಯೊಡನೆ ಅದೂ ಒಳಗೆ ಸೆಳೆಯಲ್ಪಡುವದು. ಇದು ಅಪಾಯದ ಮಾತೂ ಹೌದು: ಡೀಝೆಲ್ ನಿಲ್ಲಿಸಿದರೂ ಯಂತ್ರ ಈ ಎಣ್ಣೆಯ ಮೇಲೆಯೇ ಹುಚ್ಚೆದ್ದು ಓಡೀತು.

ಇವೆಲ್ಲ ಸರಿಯಿದ್ದೂ ಹೊಗೆ ನಿಲ್ಲದಿದ್ದರೆ, ಅದು ಯಾವಾಗ ಬರುವದೆಂದು ನೋಡಬೇಕು. ರಾತ್ರಿಯೆಲ್ಲ ನಿಂತು ಮುಂಜಾನೆ ಚಾಲೂ ಮಾಡಿದಾಗ, ಇಲ್ಲವೆ ಇಳಿಜಾರು ಇಳಿದು ಮತ್ತೆ ಗ್ಯಾಸು ಕೊಟ್ಟಾಗ ಒಮ್ಮೆ ಭುಗ್ಗೆಂದು ಬಂದು ನಿಲ್ಲುವ ನೀಲಿ ಹೊಗೆ ಬಹುಮಟ್ಟಿಗೆ ವಾಲ್ವಿನ ಗೈಡು, ಸೀಲುಗಳದು. ಅದಕ್ಕೆ ಹೆಡ್ಡು ಇಳಿಸಿದರೆ ಸಾಕು. ಪಿಸ್ಟನ್ನು ಹೊರಗೆಳೆಯುವ ಕಾರಣವಿಲ್ಲ. ನೇಗಿಲಿಗೆ ಹಚ್ಚಿದಾಗ ಎಡೆಬಿಡದೆ ಬರುವ ಹೊಗೆ, ಎಣ್ಣೆ ಹಾಕುವ ಬಾಯಿಯ ಮುಚ್ಚಳ ತೆಗೆದರೆ ಬುಸುಗುಡುವ ಗಾಳಿ, ಕುಗ್ಗಿದ ಎಳೆತ, ಇವು ಕೂಡಿದರೆ ರಿಂಗು ಮತ್ತು ಲೈನರುಗಳ ಸವಕಳಿ. ಖಚಿತಮಾಡಲು ಡೀಝೆಲ್ ಎಂಜಿನ್ನಿನ ಒತ್ತಡ ಅಳೆಯುವ ಗೇಜು ಬೇಕು. ನಾಜಲ್ಲು ತೆಗೆದ ಕಿಂಡಿಗೆ ಅದನ್ನು ಹಚ್ಚಿ ಒಮ್ಮೆ ಅಳೆಯಬೇಕು. ಒತ್ತಡ ಕಡಿಮೆ ಬಂದರೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೊಮ್ಮೆ ಅಳೆಯಬೇಕು. ಆಗ ಏರಿದರೆ ರಿಂಗು, ಏರದಿದ್ದರೆ ವಾಲ್ವು ಇಲ್ಲವೆ ಗ್ಯಾಸ್ಕೆಟ್ಟು. ಚಮಚಕ್ಕಿಂತ ಹೆಚ್ಚು ಸುರಿಯಬಾರದು. ಎಣ್ಣೆ ಕುಗ್ಗುವ ವಸ್ತುವಲ್ಲ, ರಾಡು ಬಾಗೀತು.

ಇನ್ನು ಯಂತ್ರ ಅಕಾಲದಲ್ಲಿ ಮುಪ್ಪಾಗುವದೇಕೆ? ನಮ್ಮ ಕಡೆ ಇದಕ್ಕೆ ದೊಡ್ಡ ಕಾರಣ ಧೂಳು. ಒಣಗಿದ ಎರೆಯ ಹೊಲದಲ್ಲಿ ರೋಟಾವೇಟರು ಹೊಡೆಯುವಾಗ, ಕಬ್ಬಿನ ಹಂಗಾಮಿನಲ್ಲಿ ಜೋಡಿ ಟ್ರಾಲಿ ಕಟ್ಟಿಕೊಂಡು ಒಂದರ ಹಿಂದೊಂದು ಮಣ್ಣುದಾರಿ ಹಿಡಿಯುವಾಗ, ಯಂತ್ರ ಧೂಳಿನ ಮೋಡವನ್ನೇ ಉಸಿರಾಡುವದು. ಧೂಳಿನಲ್ಲಿರುವ ಮರಳಿನ ಕಣ ಲೈನರಿನ ಕಬ್ಬಿಣಕ್ಕಿಂತ ಗಟ್ಟಿ. ಎಣ್ಣೆಯೊಡನೆ ಕೂಡಿದರೆ ಸಾಣೆಯ ಹಾಗೆ ಕೊರೆಯುವದು. ಆದಕಾರಣ ಧೂಳಿನ ಕೆಲಸವಿದ್ದ ದಿನ ಎಣ್ಣೆಬಟ್ಟಲಿನ ಕ್ಲೀನರನ್ನು ದಿನಕ್ಕೊಮ್ಮೆ ಬಿಚ್ಚಿ, ಕೆಸರು ತೆಗೆದು, ಹೊಸ ಎಣ್ಣೆ ಗುರುತಿನವರೆಗೆ ತುಂಬಬೇಕು. ಕಾಗದದ ಫಿಲ್ಟರನ್ನು ಡೀಝೆಲ್ಲಿನಲ್ಲಿ ತೊಳೆಯಬಾರದು, ಟೈರಿಗೆ ಬಡಿಯಬಾರದು. ಹರಿದದ್ದು, ಕಟ್ಟಿದ್ದು ಬದಲಿಸಲೇಬೇಕು. ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರು ಕೊಳವೆಯನ್ನು ಕೈಯಾಡಿಸಿ ನೋಡಿರಿ. ಅದರಲ್ಲಿ ಬಿರುಕಿದ್ದರೆ, ಕ್ಲಿಪ್ಪು ಸಡಿಲಿದ್ದರೆ ಕ್ಲೀನರು ಎಷ್ಟು ಚೊಕ್ಕಟವಿದ್ದರೂ ವ್ಯರ್ಥ. ಈ ಕೊಳವೆಯನ್ನು ನೋಡದೆ ಹೊಸ ರಿಂಗು ಹಾಕಿಸಿದವನ ರೊಕ್ಕ ಧೂಳಿಗೇ ಹೋಗುವದು.

ಎರಡನೆಯ ಕಾರಣ ತಂಪು. ಯಂತ್ರ ಕಾಯುವದೆಂದು ಥರ್ಮೋಸ್ಟಾಟನ್ನು ಕಿತ್ತೊಗೆಯುವ ರೂಢಿ ತಪ್ಪು. ನೀರು ಸುಮಾರು ೮೦ ಡಿಗ್ರಿಗೆ ಏರಿ ನಿಂತಾಗ ಯಂತ್ರ ಚೆನ್ನಾಗಿ ಉಸಿರಾಡುವದು. ತಂಪಾಗಿ ಓಡಿದರೆ ಅರೆಸುಟ್ಟ ಡೀಝೆಲ್ ಲೈನರಿನ ಎಣ್ಣೆಯನ್ನು ತೊಳೆದು ಸವಕಳಿ ಹೆಚ್ಚಿಸುವದು. ಕಾಯುವ ದೋಷ ರೇಡಿಯೇಟರಿನಲ್ಲೋ ಬೆಲ್ಟಿನಲ್ಲೋ ಇದ್ದರೆ ಅಲ್ಲಿಯೇ ತಿದ್ದಬೇಕು. ಕಾರಖಾನೆಯ ಸಾಲಿನಲ್ಲಿ ತಾಸುಗಟ್ಟಲೆ ಎಂಜಿನ್ನು ಚಾಲೂ ಇಟ್ಟು ನಿಲ್ಲುವದೂ ಇದೇ ಕೇಡು ಮಾಡುವದು. ರಿಂಗುಗಳು ಮಸಿಯಲ್ಲಿ ಸಿಕ್ಕಿಕೊಳ್ಳುವವು. ಹಾಗೆ ಸಿಕ್ಕಿಕೊಂಡ ರಿಂಗು ಒಳ್ಳೆಯ ಎಣ್ಣೆ ಬದಲಿಸಿ, ಹದವಾದ ಹೇರಿನಲ್ಲಿ ಕೆಲ ದಿನ ದುಡಿಸಿದರೆ ಬಿಚ್ಚದೆಯೇ ಸಡಿಲಾಗುವದೂ ಉಂಟು.

ದಪ್ಪ ಎಣ್ಣೆ ಮತ್ತು ಪೇಟೆಯಲ್ಲಿ ಮಾರುವ ಹೊಗೆ ನಿಲ್ಲಿಸುವ ಶೀಸೆಗಳ ಬಗ್ಗೆ ಒಂದು ಮಾತು. ಅವು ಕೆಲದಿನ ಹೊಗೆ ಮರೆಸಬಹುದು. ಸವೆದ ಲೋಹವನ್ನು ಬೆಳೆಸಲಾರವು. ಅತಿ ದಪ್ಪ ಎಣ್ಣೆ ತಂಪಿನಲ್ಲಿ ಬೇರಿಂಗಿಗೆ ತಡವಾಗಿ ಮುಟ್ಟುವದು. ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನೇ, ಹೇಳಿದ ತಾಸಿಗೆ ಫಿಲ್ಟರಿನೊಡನೆ ಬದಲಿಸುವದು ಇವೆಲ್ಲಕ್ಕೂ ಮೇಲು.

ಎಣ್ಣೆ ಸುಡುವದೆಲ್ಲ ರೋಗವಲ್ಲವೆಂಬದನ್ನೂ ತಿಳಿದಿರಬೇಕು. ತಾಸಿಗೆ ೪ ಲೀಟರು ಡೀಝೆಲ್ ಉರಿಸುವ ಟ್ರ್ಯಾಕ್ಟರು ೨೫೦ ತಾಸಿಗೆ ೧೦೦೦ ಲೀಟರು ಉರಿಸುವದು. ಅಷ್ಟರಲ್ಲಿ ೫ ಲೀಟರು ಎಣ್ಣೆ ಮೇಲೆ ಹಾಕಬೇಕಾದರೆ ಅದು ನೂರಕ್ಕೆ ಅರ್ಧ. ಮುದಿ ಯಂತ್ರಕ್ಕೆ ಇದು ಸಹಜ. ೧೦ ಲೀಟರು ದಾಟಿದರೆ ಮಾತ್ರ ಕಾರಣ ಹುಡುಕಬೇಕು. ಇದು ತಿಳಿಯಲು ಒಂದು ವಹಿ ಸಾಕು: ಡೀಝೆಲ್ ಎಷ್ಟು, ಎಣ್ಣೆ ಎಷ್ಟು, ಮೀಟರಿನ ತಾಸು ಎಷ್ಟು. ವಹಿಯಿಲ್ಲದ ಯಜಮಾನ ಮಿಸ್ತ್ರಿಯ ಮಾತನ್ನೇ ನಂಬಬೇಕಾಗುವದು.

ಕೊನೆಗೆ ಬಿಚ್ಚಲೇಬೇಕಾದರೆ ಮೂರು ಮಾತು ಕೇಳಿರಿ. ಲೈನರು ಮೇಲೆ ಎಷ್ಟು, ಕೆಳಗೆ ಎಷ್ಟು, ಅಡ್ಡಕ್ಕೂ ಉದ್ದಕ್ಕೂ ಎಷ್ಟು ಸವೆದಿದೆ? ಹೊಸ ರಿಂಗಿನ ಬಾಯಿಯ ಸಂದು ಎಷ್ಟು? ಹಳೆಯ ಲೈನರೇ ಉಳಿಯುವದಾದರೆ ಅದಕ್ಕೆ ಹೋನಿಂಗ್ ಮಾಡಿ ಅಡ್ಡಗೀರು ಹಾಕಿದಿರಾ? ನುಣುಪಾಗಿ ಕೋಡುಗಟ್ಟಿದ ಲೈನರಿಗೆ ಬರೀ ರಿಂಗು ಹಾಕಿಸುವದು ಒಂದು ಹಂಗಾಮಿನ ಸಮಾಧಾನವಷ್ಟೇ. ಹೊಸದಾಗಿ ಕೂಡಿಸಿದ ಮೇಲೆ ಮೊದಲ ೫೦ ತಾಸು ಅತಿ ಹೇರೂ ಬೇಡ, ಸುಮ್ಮನೆ ನಿಲ್ಲಿಸಿ ಓಡಿಸುವದೂ ಬೇಡ. ಆಮೇಲೆ ಎಣ್ಣೆ ಬದಲಿಸಬೇಕು.

ಗಡಿಯ ರೈತನಿಗೆ ಇಲ್ಲಿ ಒಂದು ಹೆಚ್ಚಿನ ತೊಡಕುಂಟು. ಯಂತ್ರದ ಕೈಪಿಡಿ ನಮ್ಮ ಕೈಗೆ ಬರುವದು ಹೆಚ್ಚಾಗಿ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ. ಹಳೆಯ ಯಂತ್ರವಾದರೆ ಅದೂ ಇರುವದಿಲ್ಲ. ಕೆಲವು ಯಂತ್ರಗಳನ್ನು ಮಾಡಿದವರೇ ಈಗಿಲ್ಲ: ೧೯೭೧ರಲ್ಲಿ ಪಿಂಜೋರಿನಲ್ಲಿ ಟ್ರ್ಯಾಕ್ಟರು ಮಾಡತೊಡಗಿದ ಎಚ್.ಎಂ.ಟಿ.ಯ ಆ ವಿಭಾಗವನ್ನು ಮುಚ್ಚಲು ೨೦೧೬ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ಆದಕಾರಣ ನಮ್ಮ ಸೂಚನೆ ಇಷ್ಟು. ಊರಿನ ಸಹಕಾರಿ ಸಂಘವು ಒಂದು ಒತ್ತಡದ ಗೇಜು ಕೊಂಡಿಡಲಿ. ಒಬ್ಬೊಬ್ಬರಿಗೆ ತುಟ್ಟಿಯಾದದ್ದು ಹತ್ತು ಮನೆಗೆ ಹಗುರ. ಐ.ಟಿ.ಐ. ಕಲಿತ ನಮ್ಮ ಹುಡುಗರು ಕೈಪಿಡಿಯ ಅಂಕಿಗಳನ್ನು, ಎಣ್ಣೆಯ ದರ್ಜೆಯನ್ನು, ಬದಲಿಸುವ ತಾಸನ್ನು ಕನ್ನಡದಲ್ಲಿ ಬರೆದು ಯಂತ್ರ ನಿಲ್ಲುವ ಕೊಟ್ಟಿಗೆಯ ಗೋಡೆಗೆ ಹಚ್ಚಲಿ. ಓದಲು ಬರುವ ಭಾಷೆಯಲ್ಲಿ ನಾಲ್ಕು ಸಾಲು ಕಣ್ಣೆದುರಿಗಿದ್ದರೆ, ಸಾಲ ಮಾಡಿ ಎಂಜಿನ್ನು ಬಿಚ್ಚಿಸುವ ಪ್ರಸಂಗ ಹಲವು ಮನೆಗಳಿಗೆ ತಪ್ಪುವದೆಂದು ನಾವು ನಂಬಿದ್ದೇವೆ.