ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವೇ?



'ಹುಟ್ಟುಗುಣ ಸುಟ್ಟರೂ ಹೋಗದು' ಎಂಬ ಗಾದೆ ನಿಮಗೆಲ್ಲ ಗೊತ್ತು. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂಬುದೂ ಗೊತ್ತು. ಮೊದಲನೆಯದು ಎಲ್ಲಾ ಹುಟ್ಟಿನಿಂದ ಬರುತ್ತೆ ಅನ್ನುತ್ತೆ. ಎರಡನೆಯದು ಚಿಕ್ಕಂದಿನಲ್ಲಿ ಬೆಳೆಸಿದ ಹಾಗೆ ಅನ್ನುತ್ತೆ. ಗಾದೆ ವೇದಕ್ಕೆ ಸಮಾನ ಅಂತಾರೆ. ಹಾಗಾದರೆ ಇವೆರಡರಲ್ಲಿ ಯಾವುದು ಸರಿ?

ಈ ಪ್ರಶ್ನೆ ಬಂದದ್ದು ನಮ್ಮ ಮನೆಯಲ್ಲೇ. ನಮ್ಮಣ್ಣ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಫೇಲಾದ. ಈ ಸಲ ನನಗೂ ಲೆಕ್ಕದಲ್ಲಿ ಕಡಿಮೆ ಅಂಕ ಬಂತು. ಅದಕ್ಕೆ ನಮ್ಮಜ್ಜಿ, "ನಮ್ಮ ವಂಶಕ್ಕೇ ಲೆಕ್ಕ ತಲೆಗೆ ಹತ್ತಲ್ಲ, ರಕ್ತದಲ್ಲೇ ಇಲ್ಲ. ಹೆಣ್ಣುಡುಗಿಗೆ ಏಳನೇ ಕ್ಲಾಸು ಸಾಕು, ಐಸ್ಕೂಲು ಯಾಕೆ?" ಅಂತು. ಅಪ್ಪ ಏನೂ ಮಾತಾಡಲಿಲ್ಲ.

ಅಜ್ಜಿಯ ಹಾಗೆಯೇ ಹೇಳಿದ ವಿಜ್ಞಾನಿಯೂ ಇದ್ದರು. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1869ರಲ್ಲಿ ಒಂದು ಪುಸ್ತಕ ಬರೆದು, ದೊಡ್ಡ ನ್ಯಾಯಾಧೀಶರು, ವಿಜ್ಞಾನಿಗಳು ಕೆಲವೇ ಮನೆತನಗಳಲ್ಲಿ ಹೆಚ್ಚಾಗಿ ಹುಟ್ಟುತ್ತಾರೆ, ಆದ್ದರಿಂದ ಪ್ರತಿಭೆ ವಂಶದಿಂದ ಬರುತ್ತದೆ ಎಂದರು. ಆದರೆ ಆ ಮನೆಗಳಲ್ಲಿ ಹಣ, ಪುಸ್ತಕ, ಕಲಿಸುವ ಮೇಷ್ಟ್ರು ಎಲ್ಲಾ ಇತ್ತಲ್ಲ! ರಕ್ತ ಯಾವುದು, ಪುಸ್ತಕ ಯಾವುದು ಅಂತ ಹೇಗೆ ಬೇರೆ ಮಾಡುವುದು?

ಹಂಗೇರಿ ದೇಶದ ಲಾಸ್ಲೊ ಪೋಲ್ಗಾರ್ ಇದಕ್ಕೆ ವಿರುದ್ಧ. ಪ್ರತಿಭೆ ಬೆಳೆಸಿದರೆ ಬರುತ್ತದೆ ಎಂದು ತನ್ನ ಮೂವರು ಹೆಣ್ಣುಮಕ್ಕಳಿಗೂ ಮನೆಯಲ್ಲೇ ಚೆಸ್ ಕಲಿಸಿದರು. ಮೂವರೂ ಹೆಸರುವಾಸಿಯಾದರು. ಕಿರಿಯವಳು ಜೂಡಿತ್ 1991ರಲ್ಲಿ 15ನೇ ವಯಸ್ಸಿಗೇ ಗ್ರ್ಯಾಂಡ್‌ಮಾಸ್ಟರ್ ಆದಳು. ಆದರೆ ಒಂದೇ ಮನೆ, ಒಂದೇ ಪಾಠ ಇದ್ದರೂ ಅವಳೇ ಎಲ್ಲರಿಗಿಂತ ಮುಂದೆ ಹೋದಳು. ಆದ್ದರಿಂದ ಹುಟ್ಟಿನದು ಏನೂ ಇಲ್ಲ ಅಂತಲೂ ಹೇಳಲಾಗದು. ರಾಗಿ ಬಿತ್ತಿದರೆ ಭತ್ತ ಬರೋಲ್ಲ. ಆದರೆ ಒಂದೇ ಚೀಲದ ರಾಗಿ ಗೊಬ್ಬರ ಹಾಕಿದ ಹೊಲದಲ್ಲಿ ಒಂದು ಥರ, ಕಲ್ಲುನೆಲದಲ್ಲಿ ಒಂದು ಥರ ಬರುತ್ತೆ.

ನಮ್ಮ ವಿಜ್ಞಾನದ ಮೇಷ್ಟ್ರು ಪಿ.ಕೆ.ಯು. ಎಂಬ ಕಾಯಿಲೆಯ ವಿಷಯ ಹೇಳಿದರು. ತಂದೆಯಿಂದ ಒಂದು, ತಾಯಿಯಿಂದ ಒಂದು ದೋಷವಿರುವ ವಂಶವಾಹಿ ಬಂದರೆ ಮಗುವಿಗೆ ಇದು ಬರುತ್ತದೆ. ಅಂದರೆ ಪೂರಾ ಹುಟ್ಟಿನದೇ. ಹಾಲು, ಬೇಳೆ, ಮೊಟ್ಟೆಯ ಪ್ರೋಟೀನಿನಲ್ಲಿರುವ ಒಂದು ಅಂಶವನ್ನು ಆ ಮಗುವಿನ ದೇಹ ಅರಗಿಸಲಾರದು. ಅದು ರಕ್ತದಲ್ಲಿ ಹೆಚ್ಚಾಗಿ ಮಿದುಳಿಗೆ ಹಾನಿಯಾಗುತ್ತದೆ. ನಾರ್ವೆಯ ಫೋಲಿಂಗ್ ಎಂಬ ವೈದ್ಯರು 1934ರಲ್ಲಿ ಇದನ್ನು ಕಂಡುಹಿಡಿದರು. ಆಗ ಚಿಕಿತ್ಸೆ ಇರಲಿಲ್ಲ. 1950ರ ದಶಕದಲ್ಲಿ ಆ ಅಂಶ ಬಹಳ ಕಡಿಮೆ ಇರುವ ಆಹಾರ ಕೊಡಲು ಶುರು ಮಾಡಿದರು. ಈಗ ಎಷ್ಟೋ ದೇಶಗಳಲ್ಲಿ ಹುಟ್ಟಿದ ಮಗುವಿನ ಹಿಮ್ಮಡಿಯಿಂದ ಒಂದೆರಡು ತೊಟ್ಟು ರಕ್ತ ತೆಗೆದು ಪರೀಕ್ಷೆ ಮಾಡುತ್ತಾರೆ. ಬೇಗ ಗೊತ್ತಾಗಿ ಪಥ್ಯ ಮಾಡಿದರೆ ಆ ಮಕ್ಕಳೂ ಎಲ್ಲರ ಹಾಗೆ ಓದಿ ಬೆಳೆಯುತ್ತಾರೆ. ವಂಶವಾಹಿ ಬದಲಾಗಲಿಲ್ಲ, ಊಟ ಬದಲಾಯಿತು, ಅಷ್ಟೇ!

ಆದ್ದರಿಂದ ನನ್ನ ಅಭಿಪ್ರಾಯ ಏನೆಂದರೆ, ಹುಟ್ಟಿನಿಂದ ಬಂದದ್ದು ಬೇರೆ, ಬದಲಾಯಿಸಲು ಆಗದ್ದು ಬೇರೆ. 'ರಕ್ತದಲ್ಲೇ ಇಲ್ಲ' ಅಂತ ಕಲಿಸುವುದನ್ನೇ ನಿಲ್ಲಿಸಿದರೆ, ಇತ್ತೋ ಇಲ್ಲವೋ ಅಂತ ಯಾವತ್ತೂ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ನಮ್ಮಜ್ಜಿ ಶಾಲೆಗೆ ಹೋದವರಲ್ಲ. ಆದರೂ ಬೆಳಿಗ್ಗೆ 3 ಲೀಟರ್, ಸಾಯಂಕಾಲ 2 ಲೀಟರ್, 15 ದಿನಕ್ಕೆ 75 ಲೀಟರ್ ಅಂತ ಬೆರಳ ಗೆಣ್ಣು ಎಣಿಸಿಯೇ ಡೇರಿಯ ಬಟವಾಡೆ ಎಷ್ಟು ಅಂತ ಹೇಳುತ್ತೆ. ಒಂದು ರೂಪಾಯಿ ತಪ್ಪಲ್ಲ. "ಇದು ಯಾರ ರಕ್ತ ಅಜ್ಜೀ?" ಅಂತ ಕೇಳಿದೆ. "ಸುಮ್ಕಿರು, ಬಾಯಿ ಜಾಸ್ತಿ ನಿಂಗೆ" ಅಂತು.

ಅಪ್ಪ ಇನ್ನೂ ಹೂಂ ಅಂದಿಲ್ಲ. ಪೋಷಕರ ಸಭೆಗೆ ಬಂದಾಗ ಈ ಗೋಡೆಯ ಮುಂದೆ ನಿಲ್ಲಿಸಿ ಇದನ್ನು ಓದಿ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಯಾರಾದರೂ 'ರಕ್ತದಲ್ಲೇ ಇಲ್ಲ' ಅಂದಿದ್ದರೆ ಮುಂದಿನ ಸಂಚಿಕೆಗೆ ಬರೆದು ಕೊಡಿ.

– ಏಳನೇ ತರಗತಿಯ ವಿದ್ಯಾರ್ಥಿನಿ