ಅಂಚೆ ಕಚೇರಿಗೆ ಹೋಗಿ, ಕನ್ನಡವನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ!

ಕೆಸರೆಯ ಗೆಳೆಯರೇ, ನಿಮ್ಮ ಮನೆಗೆ ಹತ್ತಿರದ ಅಂಚೆ ಕಚೇರಿ ಯಾವುದು? ಗೋಬಿ ಮಂಚೂರಿ ಗಾಡಿ ಎಲ್ಲಿದೆ ಎಂದರೆ ಕಣ್ಣು ಮುಚ್ಚಿ ಹೇಳುತ್ತೀರಿ. ಅಂಚೆ ಕಚೇರಿ ಎಂದರೆ ಮೊಬೈಲ್ ತೆಗೆಯುತ್ತೀರಿ. ಅದರಲ್ಲೂ ಇಂಗ್ಲಿಷಿನಲ್ಲಿ ಹುಡುಕುತ್ತೀರಿ!

ಬೇರೆ ಊರಿನವರಿಗೆ ಹೇಗೋ, ಮೈಸೂರಿನವರಿಗೆ ಇದು ನಾಚಿಕೆಗೇಡು. ೧೬೭೨ರಲ್ಲಿ ಚಿಕ್ಕದೇವರಾಜ ಒಡೆಯರು ಇಲ್ಲಿ ನಮ್ಮದೇ ಅಂಚೆ ಕಟ್ಟಿದರು. ಇನ್ನೂರು ವರ್ಷಕ್ಕೂ ಮೇಲೆ ನಡೆದ ಮೈಸೂರು ಅಂಚೆ ೧೮೮೯ರಲ್ಲಿ ಬ್ರಿಟಿಷರ ಅಂಚೆಯೊಳಗೆ ವಿಲೀನವಾಯಿತು. ಒಡೆಯರ ಆಳ್ವಿಕೆ ಹೋಯಿತು, ಬ್ರಿಟಿಷರೂ ಹೋದರು, 'ಅಂಚೆ' ಎಂಬ ನಮ್ಮ ಮಾತು ಉಳಿಯಿತು. ಆದರೆ ಕೌಂಟರಿನಲ್ಲಿ ಕನ್ನಡ ಉಳಿದಿದೆಯೇ?

ನಾನು ಮುದ್ರಣಾಲಯ ಇಟ್ಟುಕೊಂಡವನು. ಓದಿದ್ದು ಪಿಯುಸಿ. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ ಅಚ್ಚು ಹಾಕಿ ಬದುಕುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಕಟ್ಟು ಲಗ್ನಪತ್ರಿಕೆ ಹಿಡಿದು ಅಂಚೆ ಕಚೇರಿಗೆ ಹೋದೆ. ಯಾವ ಕಚೇರಿ ಎಂಬುದು ಬೇಡ. ಕವರಿನ ಮೇಲಿನ ಕನ್ನಡ ವಿಳಾಸ ನೋಡಿ ಕೌಂಟರಿನ ಹುಡುಗ, 'ಇಂಗ್ಲಿಷ್ ಮೇ ಲಿಖೋ' ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಹೊಟ್ಟೆಪಾಡಿಗೆ ದೂರದಿಂದ ಬಂದವನು. ಕನ್ನಡ ಓದಲು ಬಾರದವನನ್ನು ಕನ್ನಡಿಗರ ಮುಂದೆ ಕೂರಿಸಿದ ವ್ಯವಸ್ಥೆಯ ಮೇಲೆ ಸಿಟ್ಟು. ನನ್ನ ಹಿಂದೆ ಐದಾರು ಮಂದಿ ನಿಂತಿದ್ದರು, ಎಲ್ಲರೂ ಕನ್ನಡದವರೇ. ಒಬ್ಬರೂ ಬಾಯಿ ಬಿಡಲಿಲ್ಲ. ಒಬ್ಬ ಯುವಕ ತನ್ನ ಪೆನ್ನು ಕೊಟ್ಟು, 'ಬರೆದುಕೊಡಿ ಸಾರ್, ಲೇಟಾಗುತ್ತೆ' ಎಂದ! ನಾನೂ ಬರೆದುಕೊಟ್ಟೆ. ಆ ನಾಚಿಕೆ ಇನ್ನೂ ನನ್ನನ್ನು ಬಿಟ್ಟಿಲ್ಲ.

ತಮಿಳುನಾಡಿನವರನ್ನು ನೋಡಿ. ೨೦೧೯ರ ಜುಲೈ ೧೪ರಂದು ಅಂಚೆ ಇಲಾಖೆಯ ಪರೀಕ್ಷೆ ಇಂಗ್ಲಿಷ್, ಹಿಂದಿಗಳಲ್ಲಿ ಮಾತ್ರ ನಡೆಯಿತು. ಅವರ ಸಂಸದರು ಪಕ್ಷಭೇದ ಮರೆತು ರಾಜ್ಯಸಭೆಯಲ್ಲಿ ಗದ್ದಲ ಎಬ್ಬಿಸಿದರು. ಎರಡೇ ದಿನ! ಜುಲೈ ೧೬ರಂದು ಸಚಿವ ರವಿಶಂಕರ ಪ್ರಸಾದ್ ಆ ಪರೀಕ್ಷೆಯನ್ನೇ ರದ್ದು ಮಾಡಿ, ತಮಿಳೂ ಸೇರಿದಂತೆ ಸ್ಥಳೀಯ ಭಾಷೆಗಳಲ್ಲಿ ಮತ್ತೆ ನಡೆಸುವುದಾಗಿ ಹೇಳಬೇಕಾಯಿತು. ಕೇಳಿದವರಿಗೆ ಸಿಕ್ಕಿತು. ನಾವು ಕೇಳಿದ್ದೇವೆಯೇ?

ಕಾನೂನು ನಮ್ಮ ಕಡೆಗಿದೆ. ಕೇಂದ್ರ ಕಚೇರಿಗಳ ನಾಮಫಲಕದಲ್ಲಿ ಮೊದಲು ರಾಜ್ಯದ ಭಾಷೆ, ಆಮೇಲೆ ಹಿಂದಿ, ಕೊನೆಗೆ ಇಂಗ್ಲಿಷ್ ಇರಬೇಕೆಂಬುದು ಕೇಂದ್ರದ್ದೇ ಆದೇಶ. ಸಂವಿಧಾನದ ೩೫೦ನೇ ವಿಧಿಯ ಪ್ರಕಾರ ಕೇಂದ್ರದ ಯಾವ ಅಧಿಕಾರಿಗಾದರೂ ನಿಮ್ಮ ಅಹವಾಲನ್ನು ಕನ್ನಡದಲ್ಲೇ ಕೊಡಬಹುದು. ೨೦೦೫ರ ಮಾಹಿತಿ ಹಕ್ಕು ಕಾಯ್ದೆಯಲ್ಲೂ ಅರ್ಜಿಯನ್ನು ಕನ್ನಡದಲ್ಲಿ ಹಾಕಬಹುದು. ಶುಲ್ಕ ೧೦ ರೂಪಾಯಿ. ಅದಕ್ಕೆ ಬೇಕಾದ ಪೋಸ್ಟಲ್ ಆರ್ಡರ್ ಸಿಗುವುದೂ ಅದೇ ಅಂಚೆ ಕಚೇರಿಯಲ್ಲಿ!

ಆದ್ದರಿಂದ ಈ ವಾರ ಒಂದು ಕೆಲಸ ಮಾಡಿ. ಬೀದಿಗೆ ಬರುವ ಅಂಚೆಯಣ್ಣನನ್ನು ಕನ್ನಡದಲ್ಲೇ ಕೇಳಿ: ಹತ್ತಿರದ ಕಚೇರಿ ಯಾವುದು, ನಮ್ಮ ಕಾಗದ ಎಲ್ಲಿಂದ ಬಟವಾಡೆಯಾಗುತ್ತದೆ? ಎರಡೂ ಒಂದೇ ಆಗಿರಬೇಕೆಂದಿಲ್ಲ. ಏಕೆಂದರೆ ಎಲ್ಲ ಅಂಚೆ ಕಚೇರಿಗಳೂ ಬಟವಾಡೆ ಮಾಡುವುದಿಲ್ಲ. ಪಿನ್ ಕೋಡಿನ ಕೊನೆಯ ಮೂರು ಅಂಕಿ ಹೇಳುವುದು ಬಟವಾಡೆಯ ಕಚೇರಿಯನ್ನು. ಕೌಂಟರಿನ ವೇಳೆಯನ್ನೂ ಕೇಳಿಕೊಳ್ಳಿ. ಖಾತೆ ತೆರೆಯುವುದಿದ್ದರೆ ಆಧಾರ್, ಪ್ಯಾನ್, ಫೋಟೋ ಜೊತೆಗಿರಲಿ. ಇಬ್ಬರು ಮೂವರು ಗೆಳೆಯರು ಒಟ್ಟಿಗೆ ಹೋಗಿ.

ಹೋದಮೇಲೆ ಕನ್ನಡದ ಅರ್ಜಿ ನಮೂನೆ ಕೇಳಿ. ಇದ್ದರೆ ಕನ್ನಡದಲ್ಲೇ ತುಂಬಿ. ಇಲ್ಲವೆಂದರೆ ಜಗಳ ಬೇಡ, ಕೂಗಾಟ ಬೇಡ. ಒಂದು ಹಾಳೆಯಲ್ಲಿ ದೂರು ಬರೆದು ಪೋಸ್ಟ್ ಮಾಸ್ತರರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಕೊಡದಿದ್ದರೆ ಅದೇ ದೂರನ್ನು ಮೇಲಧಿಕಾರಿಗೆ ಸ್ಪೀಡ್ ಪೋಸ್ಟ್ ಮಾಡಿ. ೨೦೨೫ರ ಸೆಪ್ಟೆಂಬರ್ ೧ರಿಂದ ರಿಜಿಸ್ಟರ್ಡ್ ಪೋಸ್ಟ್ ಅದರೊಳಗೇ ಸೇರಿದೆ. ರಸೀದಿ ಜೋಪಾನ!

'ಕನ್ನಡದ್ದು ಯಾರೂ ಕೇಳುವುದಿಲ್ಲ' ಎಂಬ ಉತ್ತರ ಬರಬಹುದು. ಅದು ಪೂರ್ತಿ ಸುಳ್ಳೂ ಅಲ್ಲ, ಅದೇ ನಮ್ಮ ರೋಗ. ನನ್ನ ಪ್ರೆಸ್ಸಿಗೆ ಬರುವ ಹುಡುಗರು ಪತ್ರಿಕೆಯನ್ನು ಕನ್ನಡದಲ್ಲಿ ಮಾಡಿಸಿ, ಕವರಿನ ಮೇಲೆ ವಿಳಾಸವನ್ನು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಅಚ್ಚಿನವನಾಗಿ ಹೇಳುತ್ತೇನೆ: ಕನ್ನಡ ಅಚ್ಚಿಗೆ ಬೇರೆ ಯಂತ್ರ ಬೇಡ, ಬೇರೆ ಶಾಯಿ ಬೇಡ. ಬೇಡಿಕೆ ಬೇಕು, ಅಷ್ಟೇ. ಗಿರಾಕಿ ಕೇಳದ ಮಾಲನ್ನು ಯಾವನೂ ಅಚ್ಚು ಹಾಕುವುದಿಲ್ಲ.

ಕೆಸರೆಯಲ್ಲಿ ಮನೆಯೊಳಗೆ ಉರ್ದು, ತಮಿಳು, ತೆಲುಗು ಆಡುವವರಿದ್ದಾರೆ. ಅವರ ಮನೆಮಾತಿನ ತಂಟೆ ನಮಗೆ ಬೇಡ. ಬೀದಿಗೆ ಬಂದರೆ ಅವರಿಗೂ ನಮಗೂ ಕನ್ನಡವೇ ಆಸರೆ. ಏನು ಬರೆದಿದೆಯೆಂದು ಓದಲಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಅಜ್ಜಿ ಯಾರ ಮನೆಯವಳಾದರೇನು? ಅವಳ ದುಡ್ಡು, ಅವಳ ಹಕ್ಕು. ಆ ಕಾಗದವನ್ನು ಯಾರಾದರೂ ಕನ್ನಡದಲ್ಲಿ ಓದಿ ಹೇಳುವಂತಿರಬೇಕು.

ಮುಂದಿನ ಸಲ ನಿಮ್ಮ ಮುಂದೆ ನಿಂತವರಿಗೆ 'ಇಂಗ್ಲಿಷಿನಲ್ಲಿ ಬರೆಯಿರಿ' ಎಂದು ಯಾರಾದರೂ ಹೇಳಿದರೆ ಪೆನ್ನು ಕೊಡಬೇಡಿ ಗೆಳೆಯರೇ, ದನಿ ಕೊಡಿ!

ಸಿರಿಗನ್ನಡಂ ಗೆಲ್ಗೆ!