ಕಿಡ್ನಿ ಕಸಿ: ಡಿಸ್ಚಾರ್ಜ್ ಆದ ಮೇಲೆ ಹೊಣೆ ಯಾರದು?

ಅಂಗಾಂಗ ಕಸಿಯ ಸುದ್ದಿಗೆ ನಮ್ಮಲ್ಲಿ ಒಂದು ಸಿದ್ಧ ಅಚ್ಚು ಇದೆ. ಸಿಗ್ನಲ್‌ ಬಿಡಿಸಿ ದಾರಿ ಮಾಡಿಕೊಟ್ಟ ಪೊಲೀಸರು, ಊರು ಸೀಳಿಕೊಂಡು ಹೋದ ಆಂಬುಲೆನ್ಸ್, ಹಸಿರು ಗೌನು ತೊಟ್ಟ ವೈದ್ಯರ ಸಾಲು, ಕೊನೆಗೆ ‘ಶಸ್ತ್ರಚಿಕಿತ್ಸೆ ಯಶಸ್ವಿ’ ಎಂಬ ಷರಾ. ಮರುದಿನ ಆ ರೋಗಿ ಸುದ್ದಿಯಲ್ಲಿರುವುದಿಲ್ಲ. ಆದರೆ ಕಿಡ್ನಿ ಕಸಿಯ ಮಟ್ಟಿಗೆ ಆ ಮಾತನ್ನು ಅದೇ ದಿನ ಆಡುವುದೆಂದರೆ ಬಿತ್ತಿದ ದಿನವೇ ರಾಶಿ ಅಳೆದಂತೆ. ಹಾಕಿದ ಹೊಲಿಗೆ ನಿಂತಿತೇ, ಜೋಡಿಸಿದ ನಾಳ ಸೋರದೆ ಉಳಿಯಿತೇ ಎಂಬುದು ತಿಳಿಯಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಅಷ್ಟು ಹೊತ್ತಿಗೆ ರೋಗಿ ಆಸ್ಪತ್ರೆಯಲ್ಲಿರುವುದಿಲ್ಲ, ತನ್ನ ಊರಲ್ಲಿರುತ್ತಾನೆ. ಅಲ್ಲಿ ಅವನನ್ನು ಗಮನಿಸುವವರು ಯಾರು?

ಇದು ಬೆರಳೆಣಿಕೆಯ ಜನರ ಪ್ರಶ್ನೆಯಲ್ಲ. 2023ರಲ್ಲಿ ದೇಶದಲ್ಲಿ ನಡೆದ 18 ಸಾವಿರಕ್ಕೂ ಹೆಚ್ಚು ಅಂಗಾಂಗ ಕಸಿಗಳಲ್ಲಿ 13 ಸಾವಿರಕ್ಕೂ ಹೆಚ್ಚು ಕಿಡ್ನಿಯವು. ಅವುಗಳಲ್ಲಿ ಬಹುಪಾಲು ಬದುಕಿರುವ ದಾನಿಗಳು ಕೊಟ್ಟವು. ಕೊಟ್ಟವರಲ್ಲಿ ಹೆಂಗಸರೇ ಹೆಚ್ಚು. ತಾಯಿ ಮಗನಿಗೆ, ಹೆಂಡತಿ ಗಂಡನಿಗೆ ಕೊಟ್ಟ ಕಿಡ್ನಿ ತಡೆಯಬಹುದಾಗಿದ್ದ ಒಂದು ತೊಡಕಿನಿಂದ ಹಾಳಾದರೆ ಒಂದೇ ಮನೆಯಲ್ಲಿ ಇಬ್ಬರಿಗೆ ನಷ್ಟ. ಒಬ್ಬರು ಮತ್ತೆ ಡಯಾಲಿಸಿಸ್‌ಗೆ ಹೋಗುತ್ತಾರೆ. ಇನ್ನೊಬ್ಬರು ಒಂದೇ ಕಿಡ್ನಿಯಲ್ಲಿ ಬಾಳುತ್ತಾರೆ.

ಕಸಿ ಎಂದೊಡನೆ ಮನೆಮಂದಿಗೆ ಇರುವ ಭಯವೆಲ್ಲ ‘ರಿಜೆಕ್ಷನ್’ನದು. ಪರಕೀಯ ಅಂಗವನ್ನು ದೇಹ ಒಪ್ಪದಿರುವ ಈ ಅಪಾಯ ನಿಜ; ಅದಕ್ಕಾಗಿಯೇ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನು ಆ ಕಿಡ್ನಿ ಇರುವಷ್ಟು ಕಾಲ ನುಂಗಬೇಕು. ಆದರೆ ಶಸ್ತ್ರಚಿಕಿತ್ಸೆಯಿಂದಲೇ ಹುಟ್ಟುವ ತೊಡಕುಗಳ ಜಾತಿ ಬೇರೆ. ಅದು ಅಕ್ಷರಶಃ ಕೊಳಾಯಿಯ ಸಮಸ್ಯೆ: ಎಲ್ಲೋ ಸೋರುತ್ತದೆ, ಎಲ್ಲೋ ಕಟ್ಟಿಕೊಳ್ಳುತ್ತದೆ.

ಹೊಸ ಕಿಡ್ನಿಯನ್ನು ಹಳೆಯದರ ಜಾಗದಲ್ಲಿ ಕೂರಿಸುತ್ತಾರೆ ಎಂದೇ ಹಲವರು ತಿಳಿದಿದ್ದಾರೆ. ಹಾಗಲ್ಲ. ಸಾಮಾನ್ಯವಾಗಿ ಹಳೆಯವೆರಡೂ ಇದ್ದಲ್ಲೇ ಇರುತ್ತವೆ. ಹೊಸದು ಕೆಳಹೊಟ್ಟೆಯ ಒಂದು ಬದಿಗೆ, ಹೆಚ್ಚಾಗಿ ಬಲಕ್ಕೆ, ತೊಡೆಸಂದಿಯ ತುಸು ಮೇಲೆ ಬರುತ್ತದೆ. ಅಲ್ಲಿ ಆಗಬೇಕಾದದ್ದು ಮೂರು ಜೋಡಣೆ. ಕಿಡ್ನಿಗೆ ರಕ್ತ ತರುವ ಅಪಧಮನಿ, ರಕ್ತ ಒಯ್ಯುವ ಅಭಿಧಮನಿ ಇವೆರಡನ್ನೂ ಕಾಲಿಗೆ ಹೋಗಿಬರುವ ದೊಡ್ಡ ರಕ್ತನಾಳಗಳಿಗೆ ಹೊಲಿಯಬೇಕು. ಮೂತ್ರನಾಳವನ್ನು ಮೂತ್ರಕೋಶಕ್ಕೆ ಸೇರಿಸಬೇಕು. ರಕ್ತನಾಳಗಳನ್ನು ಹೀಗೆ ಹೊಲಿಯುವ ಬಗೆಯನ್ನು ರೂಪಿಸಿದ ಅಲೆಕ್ಸಿ ಕ್ಯಾರೆಲ್‌ಗೆ 1912ರಲ್ಲೇ ನೊಬೆಲ್ ಬಂತು. 1954ರ ಡಿಸೆಂಬರ್ 23ರಂದು ಬಾಸ್ಟನ್‌ನಲ್ಲಿ ಅವಳಿ ಸಹೋದರರ ನಡುವೆ ಮೊದಲ ಯಶಸ್ವಿ ಕಿಡ್ನಿ ಕಸಿ ಮಾಡಿದ ಜೋಸೆಫ್ ಮರ್ರೆಗೆ 1990ರಲ್ಲಿ ಬಂತು. ಔಷಧಗಳು ಅಂದಿನಿಂದ ಎಷ್ಟೋ ಬದಲಾಗಿವೆ. ಈ ಮೂರು ಜೋಡಣೆಗಳು ಮಾತ್ರ ಇಂದಿಗೂ ಅವೇ.

ರಕ್ತನಾಳಗಳ ಹೊಲಿಗೆ ಮುಗಿದು ಕ್ಲ್ಯಾಂಪ್ ಬಿಚ್ಚಿದಾಗ, ಮಂಜುಗಡ್ಡೆಯ ತಂಪಿನಲ್ಲಿ ಬೂದುಬಣ್ಣಕ್ಕೆ ತಿರುಗಿದ್ದ ಕಿಡ್ನಿ ನೋಡನೋಡುತ್ತಲೇ ಗುಲಾಬಿಯಾಗಿ ಬಿಗಿಗೊಳ್ಳುತ್ತದೆ. ಬದುಕಿರುವ ದಾನಿಯದಾದರೆ ಎಷ್ಟೋ ಸಲ ಕೆಲವೇ ನಿಮಿಷಗಳಲ್ಲಿ ಮೂತ್ರದ ಹನಿ ಕಾಣುತ್ತದೆ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಎಲ್ಲರೂ ಉಸಿರು ಬಿಡುವ ಗಳಿಗೆ ಅದು. ಪತ್ರಿಕೆಯ ‘ಯಶಸ್ವಿ’ ಹುಟ್ಟುವುದೂ ಅಲ್ಲೇ. ಆದರೆ ಕಾವಲು ಶುರುವಾಗುವುದು ಆಮೇಲೆ.

ಮೊದಲ ಗಂಟೆಗಳಿಂದ ಮೊದಲ ವಾರದವರೆಗೆ ಭಯ ರಕ್ತನಾಳದ್ದು. ಹೊಲಿಗೆಯ ಬಳಿ ರಕ್ತಸ್ರಾವವಾಗಬಹುದು, ಇಲ್ಲವೇ ರಕ್ತ ಹೆಪ್ಪುಗಟ್ಟಬಹುದು. ಹೆಪ್ಪುಗಟ್ಟುವುದು ಅಪರೂಪ, ಆದರೆ ಎಲ್ಲಕ್ಕಿಂತ ಕ್ರೂರ. ಕಸಿ ಮಾಡಿದ ಕಿಡ್ನಿಗೆ ಬದಲಿ ರಕ್ತದಾರಿ ಇರುವುದಿಲ್ಲ. ಇದ್ದೊಂದು ದಾರಿ ಮುಚ್ಚಿದರೆ ಅದನ್ನು ಉಳಿಸಿಕೊಳ್ಳಲು ಸಿಗುವ ಸಮಯ ತೀರಾ ಕಡಿಮೆ. ತಾಸಿಗೊಮ್ಮೆ ಮೂತ್ರ ಅಳೆಯುವ ನರ್ಸ್, ತುಂಬಿ ಹರಿಯುತ್ತಿದ್ದ ಮೂತ್ರ ತಟ್ಟನೆ ನಿಂತದ್ದನ್ನು ಕಂಡು ವೈದ್ಯರಿಗೆ ಫೋನ್ ಮಾಡುವುದು, ಕೂಡಲೇ ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಆಗುವುದು ಇವೇ ಆಗ ಕಿಡ್ನಿಯ ಹಣೆಬರಹ ಬರೆಯುತ್ತವೆ.

ಆಮೇಲಿನ ಸರದಿ ಮೂತ್ರನಾಳದ್ದು. ದಾನಿಯ ದೇಹದಲ್ಲಿ ಅದಕ್ಕೆ ಹಲವು ಕಡೆಯಿಂದ ರಕ್ತ ಬರುತ್ತಿತ್ತು. ಕತ್ತರಿಸಿ ತಂದ ಮೇಲೆ ಕಿಡ್ನಿಯ ಕಡೆಯಿಂದ ಇಳಿದು ಬಂದಷ್ಟೇ ಗತಿ. ತುದಿಗೆ ರಕ್ತ ಸಾಲದಿದ್ದರೆ ಅಲ್ಲಿನ ಅಂಗಾಂಶ ಸತ್ತು ಮೂತ್ರ ಹೊಟ್ಟೆಯೊಳಗೆ ಸೋರುತ್ತದೆ. ಅಥವಾ ಕಾಲಕ್ರಮೇಣ ನಾಳ ಕಿರಿದಾಗಿ ಮೂತ್ರ ಹಿಂದಕ್ಕೆ ಒತ್ತುತ್ತದೆ. ಗಾಯದ ಪಕ್ಕದ ಡ್ರೇನ್ ಕೊಳವೆಯಲ್ಲಿ ದ್ರವ ಹೆಚ್ಚಾದಾಗ ಅದು ಮೂತ್ರವೋ ದುಗ್ಧರಸವೋ (ಲಿಂಫ್) ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಅದರ ಉತ್ತರ ಸರಳ: ಕಿಡ್ನಿ ಮೂತ್ರದಲ್ಲಿ ಹೊರಹಾಕುವ ತ್ಯಾಜ್ಯವಾದ ಕ್ರಿಯಾಟಿನಿನ್ ಆ ದ್ರವದಲ್ಲಿ ಎಷ್ಟಿದೆ ನೋಡುವುದು. ರಕ್ತದಲ್ಲಿರುವಷ್ಟೇ ಇದ್ದರೆ ದುಗ್ಧರಸ. ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದ್ದರೆ ಮೂತ್ರ. ಯಾವ ಸಾಮಾನ್ಯ ಲ್ಯಾಬೂ ಮಾಡಬಲ್ಲ ಪರೀಕ್ಷೆಯಿದು.

ವಾರಗಳು ಕಳೆದ ಮೇಲೆ ಕಿಡ್ನಿಯ ಸುತ್ತ ದುಗ್ಧರಸ ಕೆರೆಯಂತೆ ನಿಂತು ಮೂತ್ರನಾಳವನ್ನೋ ಕಾಲಿನ ರಕ್ತನಾಳವನ್ನೋ ಅದುಮಬಹುದು. ಆಗ ಆ ಬದಿಯ ಕಾಲು ಊದುತ್ತದೆ. ತಿಂಗಳುಗಳ ನಂತರ ಅಪಧಮನಿ ಕಿರಿದಾದರೆ ಎಷ್ಟು ಮಾತ್ರೆ ಕೊಟ್ಟರೂ ಬಿ.ಪಿ. ಇಳಿಯುವುದಿಲ್ಲ. ಸಕ್ಕರೆ ಕಾಯಿಲೆ, ಬೊಜ್ಜು ಇದ್ದವರಲ್ಲಿ ಗಾಯ ಕೂಡಿಕೊಳ್ಳುವುದು ತಡವಾಗುತ್ತದೆ. ಸ್ಟೀರಾಯ್ಡ್ ಅದನ್ನು ಇನ್ನಷ್ಟು ತಡಮಾಡುತ್ತದೆ.

ಈ ಪಟ್ಟಿ ಹೆದರಿಸುವುದಕ್ಕಲ್ಲ. ಹೆಪ್ಪುಗಟ್ಟುವಿಕೆಯೊಂದನ್ನು ಬಿಟ್ಟರೆ ಉಳಿದವುಗಳಲ್ಲಿ ಹೆಚ್ಚಿನವನ್ನು ಸರಿಪಡಿಸಲು ಸಮಯವೂ ಇದೆ, ದಾರಿಯೂ ಇದೆ. ಸೋರಿದ ನಾಳವನ್ನು ಮತ್ತೆ ಹೊಲಿಯಬಹುದು, ಕಿರಿದಾದ ಅಪಧಮನಿಯನ್ನು ಬಲೂನಿನಿಂದ ಹಿಗ್ಗಿಸಬಹುದು, ನಿಂತ ದುಗ್ಧರಸವನ್ನು ಬಸಿಯಬಹುದು. ಷರತ್ತು ಒಂದೇ: ಬೇಗ ಗೊತ್ತಾಗಬೇಕು.

ಗೊತ್ತಾಗುವುದೇ ಕಷ್ಟ. ತೆಗೆದು ತಂದ ಕಿಡ್ನಿಯ ನರಗಳು ಕಡಿದಿರುತ್ತವೆ. ನಮಗೆ ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡರೆ ನೆಲದ ಮೇಲೆ ಹೊರಳಾಡುವಷ್ಟು ನೋವು. ಕಸಿ ಮಾಡಿದ ಕಿಡ್ನಿಯ ನಾಳ ಪೂರ್ತಿ ಕಟ್ಟಿಕೊಂಡರೂ ರೋಗಿ ಆರಾಮಾಗಿ ಊಟ ಮಾಡುತ್ತಿರಬಹುದು. ಸ್ಟೀರಾಯ್ಡ್ ಜ್ವರವನ್ನೂ ಮರೆಮಾಚುತ್ತದೆ. ಕಾಣುವ ಸುಳಿವು ಹಲವೊಮ್ಮೆ ರಕ್ತಪರೀಕ್ಷೆಯ ಒಂದು ಅಂಕಿ ಮಾತ್ರ. ಕ್ರಿಯಾಟಿನಿನ್ ಏರಿತೆಂದರೆ ರಿಜೆಕ್ಷನ್ ಇರಬಹುದು, ನಾಳ ಕಟ್ಟಿರಬಹುದು. ಎರಡರ ಚಿಕಿತ್ಸೆ ಪೂರಾ ಬೇರೆ. ಬೇರ್ಪಡಿಸಿ ನೋಡಲು ಮೊದಲು ಬೇಕಾದದ್ದು ಒಂದು ಅಲ್ಟ್ರಾಸೌಂಡ್ ಮತ್ತು ಕಸಿ ಕಿಡ್ನಿಯನ್ನು ನೋಡಿ ಗೊತ್ತಿರುವ ವೈದ್ಯರು.

ವ್ಯವಸ್ಥೆ ಎಲ್ಲಿ ಸೋರುತ್ತದೆ ಎಂದು ನೋಡಲು ಗೇಣುದ್ದದ ಒಂದು ಪ್ಲಾಸ್ಟಿಕ್ ಕೊಳವೆ ಸಾಕು. ಮೂತ್ರನಾಳದ ಹೊಲಿಗೆ ಒಣಗುವವರೆಗೆ ಆಸರೆಯಾಗಲೆಂದು ಎರಡೂ ತುದಿ ಸುರುಳಿಯಾಗಿರುವ ‘ಡಿ.ಜೆ. ಸ್ಟೆಂಟ್’ ಇಡುತ್ತಾರೆ. ಸೋರಿಕೆ, ಅಡಚಣೆ ಎರಡನ್ನೂ ಇದು ಗಣನೀಯವಾಗಿ ತಗ್ಗಿಸುತ್ತದೆ. ಸಾಮಾನ್ಯವಾಗಿ ಎರಡರಿಂದ ಆರು ವಾರದೊಳಗೆ ಮೂತ್ರದ್ವಾರದಿಂದ ದುರ್ಬೀನು ಕೊಳವೆ ತೂರಿಸಿ ಅದನ್ನು ಹೊರತೆಗೆಯಬೇಕು. ಕೆಲವೇ ನಿಮಿಷದ ಕೆಲಸ. ತೆಗೆಯದೆ ಬಿಟ್ಟರೆ ಅದರ ಸುತ್ತ ಸುಣ್ಣ ಗಟ್ಟಿಯಾಗಿ ಕಲ್ಲಾಗುತ್ತದೆ, ಸೋಂಕು ಮೇಲಿಂದ ಮೇಲೆ ಬರುತ್ತದೆ, ಕೆಲವೇ ನಿಮಿಷದ ಕೆಲಸಕ್ಕೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಅದನ್ನು ತೆಗೆಸಬೇಕಾದ ದಿನಾಂಕ ಎಲ್ಲಿರುತ್ತದೆ? ಡಿಸ್ಚಾರ್ಜ್ ಸಮ್ಮರಿಯಲ್ಲಿ, ಇಂಗ್ಲಿಷಿನಲ್ಲಿ, ಹತ್ತಾರು ಮಾತ್ರೆಗಳ ಹೆಸರಿನ ಕೆಳಗೆ ಒಂದು ಸಾಲಾಗಿ. ಕನ್ನಡವಷ್ಟೇ ಓದಬಲ್ಲ ಕುಟುಂಬ ಆ ಸಾಲನ್ನು ಕಾಣದಿದ್ದರೆ ತಪ್ಪು ಯಾರದು?

ಕರ್ನಾಟಕ ಈ ಕ್ಷೇತ್ರದಲ್ಲಿ ಹಿಂದುಳಿದ ರಾಜ್ಯವಲ್ಲ. ಮೃತ ದಾನಿಗಳ ಅಂಗಾಂಗ ಹಂಚಿಕೆಗೆ ‘ಜೀವಸಾರ್ಥಕತೆ’ ಇದೆ. ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ನೆಫ್ರೊ ಯುರಾಲಜಿ ಸಂಸ್ಥೆ ಇದೆ. ಬಿಪಿಎಲ್ ಕುಟುಂಬಗಳ ಕಸಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನ ನೆರವಿದೆ. ಡಯಾಲಿಸಿಸ್ ತಾಲ್ಲೂಕು ಆಸ್ಪತ್ರೆಗೂ ಬಂದಿದೆ. ಆದರೆ ಕಸಿಯಾದವರ ಮೇಲಿನ ನಿಗಾ ಇನ್ನೂ ಕಸಿ ಮಾಡಿದ ನಗರದಲ್ಲೇ ಉಳಿದಿದೆ. ರಾಯಚೂರಿನ ರೋಗಿ ಒಂದು ರಕ್ತಪರೀಕ್ಷೆ, ಒಂದು ಸ್ಕ್ಯಾನ್‌ಗೆ ಬೆಂಗಳೂರಿಗೋ ಹೈದರಾಬಾದಿಗೋ ರಾತ್ರಿ ಬಸ್ಸು ಹತ್ತಬೇಕು; ಜತೆಗೊಬ್ಬರ ಕೂಲಿಯೂ ಹೋಗುತ್ತದೆ. ಎರಡು ಭೇಟಿ ತಪ್ಪುವುದಕ್ಕೆ ನಿರ್ಲಕ್ಷ್ಯವೇ ಕಾರಣವಾಗಬೇಕಿಲ್ಲ, ಬಸ್ ಚಾರ್ಜು ಸಾಕು.

ಇನ್ನೊಂದು ಮೌನವಿದೆ. ಯಾವ ಆಸ್ಪತ್ರೆ ಎಷ್ಟು ಕಸಿ ಮಾಡಿತು ಎಂಬ ಜಾಹೀರಾತು ಹೇರಳ. ಎಷ್ಟು ಮಂದಿಗೆ ಮೂತ್ರ ಸೋರಿತು, ಎಷ್ಟು ಮಂದಿಯ ಕಿಡ್ನಿ ಒಂದು ವರ್ಷದ ನಂತರ ಕೆಲಸ ಮಾಡುತ್ತಿದೆ ಎಂಬ ಲೆಕ್ಕ ರೋಗಿಯ ಕೈಗೆ ಸಿಗದು. ಬ್ರಿಟನ್ನಿನಲ್ಲಿ, ಅಮೆರಿಕದಲ್ಲಿ ಕಸಿ ಕೇಂದ್ರಗಳ ಫಲಿತಾಂಶವನ್ನು ಕೇಂದ್ರವಾರು ಪ್ರಕಟಿಸುತ್ತಾರೆ. ಯಾರು ಬೇಕಾದರೂ ನೋಡಬಹುದು. ಹಾಗೆ ಮಾಡಿದರೆ ಕಷ್ಟದ ರೋಗಿಗಳನ್ನು ಆಸ್ಪತ್ರೆಗಳು ಮುಟ್ಟುವುದೇ ಇಲ್ಲ ಎಂಬ ವೈದ್ಯರ ಆಕ್ಷೇಪವನ್ನು ತಳ್ಳಿಹಾಕಲಾಗದು. ವಯಸ್ಸು, ಸಕ್ಕರೆ ಕಾಯಿಲೆ, ದಾನಿಯ ಬಗೆ ಇವನ್ನೆಲ್ಲ ಗಣನೆಗೆ ತೆಗೆದುಕೊಂಡು ಅಂಕಿ ಹೊಂದಿಸುವ ವಿಧಾನ ಇರುವುದೇ ಅದಕ್ಕಾಗಿ. ತೊಡಕು ಆಗಿದ್ದು ಅವಮಾನವಲ್ಲ. ನುರಿತ ಕೈಯಲ್ಲೂ ಅದು ಆಗುತ್ತದೆ. ಮುಚ್ಚಿಟ್ಟಾಗ ಮಾತ್ರ ಅದರಿಂದ ಯಾರೂ ಕಲಿಯುವುದಿಲ್ಲ.

ಮಾಡಬೇಕಾದದ್ದು ದುಬಾರಿಯಲ್ಲ. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಕಸಿಯಾದವರ ತಪಾಸಣೆ, ಅಲ್ಲಿಂದಲೇ ಕಸಿ ಮಾಡಿದ ತಂಡದೊಂದಿಗೆ ನೇರ ಸಂಪರ್ಕ. ಇಟ್ಟ ಪ್ರತಿ ಸ್ಟೆಂಟ್‌ಗೂ ಒಂದು ದಾಖಲೆ, ತೆಗೆಯುವ ದಿನ ಮೀರಿದರೆ ಆಸ್ಪತ್ರೆಯಿಂದಲೇ ಫೋನ್. ಸರ್ಕಾರದ ನೆರವು ಪಡೆಯುವ ಆಸ್ಪತ್ರೆಗಳು ವರ್ಷಕ್ಕೊಮ್ಮೆ ಫಲಿತಾಂಶ ಪ್ರಕಟಿಸಬೇಕೆಂಬ ಷರತ್ತು. ಮತ್ತು ಡಿಸ್ಚಾರ್ಜ್ ದಿನ ರೋಗಿಯ ಕೈಗೆ ಕನ್ನಡದಲ್ಲಿ ಅಚ್ಚಾದ ಒಂದು ಕಾರ್ಡು.

ಆ ಕಾರ್ಡಿನಲ್ಲಿ ಇಷ್ಟಿದ್ದರೆ ಸಾಕು: ಮೂತ್ರ ಕಡಿಮೆಯಾದರೆ, ಕಾಲು ಊದಿದರೆ, ಗಾಯದಿಂದ ನೀರು ಬಂದರೆ, ಜ್ವರ ಬಂದರೆ ನೋವಿಲ್ಲವೆಂದು ಕಾಯಬೇಡಿ, ಈ ನಂಬರಿಗೆ ಕರೆ ಮಾಡಿ, ಸ್ಟೆಂಟ್ ತೆಗೆಸುವ ದಿನ ಇದು. ಸರ್ಕಾರ ಅದನ್ನು ಅಚ್ಚು ಹಾಕಿಸುವವರೆಗೆ, ಕಸಿ ಮಾಡಿಸಿಕೊಂಡವರ ಮನೆಯವರು ಆಸ್ಪತ್ರೆಯಿಂದ ಹೊರಡುವ ಮುನ್ನ ಆ ದಿನಾಂಕ ಕೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲಿ.